ಬಾಪನ ಬೈಕು: ಹೊಳಪಿಗಿಂತ ಹಕ್ಕು ದೊಡ್ಡದು

ನಮ್ಮ ಕರಾವಳಿಯ ಹುಡುಗರಲ್ಲಿ ಈಗ ಹಳೆ ಬೈಕಿನ ಹುಚ್ಚು ಜೋರಾಗಿದೆ. ಯೆಜ್ಡಿ, ಜಾವಾ, ಆರ್‌ಎಕ್ಸ್ 100, ಹಳೆ ಬುಲೆಟ್. ಗಲ್ಫಿನಿಂದ ರಜೆಗೆ ಬಂದವರು ಕೂಡ ಇವನ್ನೇ ಹುಡುಕುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ತಯಾರಿಯೂ ಅದೇ ವರ್ಷ ನಿಂತಿತು. ಸಿಗದ ವಸ್ತುವಿಗೆ ಬೆಲೆ ಏರುವುದು ಸಹಜ. ಹಲಾಲ್ ದುಡಿಮೆಯ ಹಣದಲ್ಲಿ ಒಬ್ಬ ತನಗಿಷ್ಟದ ಬೈಕ್ ಇಟ್ಟುಕೊಂಡರೆ ಅದನ್ನು ಬೇಡ ಎನ್ನಲು ನಮಗೆ ಕಾರಣವಿಲ್ಲ. ಆದರೆ ಹಳೆ ಬೈಕು ಒಬ್ಬನದೇ ಸ್ವತ್ತಲ್ಲ, ಅದರ ಮೇಲೆ ಬೇರೆಯವರ ಹಕ್ಕೂ ಇದೆ ಎಂಬುದನ್ನು ಮರೆಯಬಾರದು.

ಮೊದಲು ಖರ್ಚಿನ ಮಾತು. ಕೊಳ್ಳುವುದು ಸುಲಭ, ಸಾಕುವುದು ಕಷ್ಟ. ನಮ್ಮ ಕಡಲ ಗಾಳಿ, ನಾಲ್ಕು ತಿಂಗಳ ಮಳೆ ಕಬ್ಬಿಣವನ್ನು ಬಿಡುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿದರೆ ಟ್ಯಾಂಕಿನ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥೆನಾಲ್ ಇದೆ. ಅದು ತೇವ ಎಳೆಯುತ್ತದೆ, ಹಳೆ ರಬ್ಬರ್ ಭಾಗಗಳನ್ನು ಹಾಳು ಮಾಡುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಲು ಮರೆತರೆ ಪಿಸ್ಟನ್ ಜಾಮ್. ಅಸಲಿ ಬಿಡಿಭಾಗ ಸಿಗುವುದು ಅಪರೂಪ, ಬಲ್ಲ ಮೆಕ್ಯಾನಿಕ್ ಇನ್ನೂ ಅಪರೂಪ. ಮನೆಯ ಸಾಲ, ಮಕ್ಕಳ ಫೀಸು ಬಾಕಿ ಇರುವಾಗ ಇದಕ್ಕೆ ಸುರಿಯುವ ಹಣ ದುಂದುವೆಚ್ಚವೇ ಸರಿ.

ಇನ್ನು ರಸ್ತೆಯಲ್ಲಿ ಹೋಗುವವರ ಹಕ್ಕು. ಒದ್ದೆಯಾದ ಹಳೆ ಡ್ರಮ್ ಬ್ರೇಕ್ ಬೇಗ ಹಿಡಿಯುವುದಿಲ್ಲ, 6 ವೋಲ್ಟ್‌ನ ಹೆಡ್‌ಲೈಟ್ ಮಳೆಯಲ್ಲಿ ದಾರಿ ತೋರಿಸುವುದಿಲ್ಲ. ಸೈಲೆನ್ಸರ್ ತೆಗೆದು ಇಶಾ ನಮಾಝಿನ ಹೊತ್ತಿಗೆ ಪಳ್ಳಿಯ ಮುಂದೆ ಗುಡುಗಿಸುವುದು ಯಾವ ಶೋಕಿ ಮಾರಾಯ್ರೆ? ನೆರೆಮನೆಯಲ್ಲಿ ರೋಗಿ ಇರಬಹುದು, ತೊಟ್ಟಿಲ ಕೂಸು ಇರಬಹುದು. ಕಾಗದಪತ್ರವೂ ಅಷ್ಟೇ. 15 ವರ್ಷ ಕಳೆದ ಬೈಕಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. "ವಿಂಟೇಜ್" ಎಂದರೆ ಕಾನೂನಿನಲ್ಲಿ 50 ವರ್ಷ ದಾಟಿರಬೇಕು, ಹಾಗೆ ನೋಂದಾಯಿಸಿದರೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇನ್ಶೂರೆನ್ಸ್ ಇಲ್ಲದ ಬೈಕು ಒಬ್ಬ ಬಡ ಪಾದಚಾರಿಗೆ ಬಡಿದರೆ ಆ ಮನೆಯವರಿಗೆ ಪರಿಹಾರ ಕೊಡುವವರು ಯಾರು?

ನಾವು ಹೆಚ್ಚು ಹೇಳಬೇಕಾದದ್ದು ಮೂರನೆಯ ಹಕ್ಕಿನ ಬಗ್ಗೆ. ತೀರಿಹೋದ ಬಾಪನ ಬೈಕು ಎಷ್ಟೋ ಮನೆಯ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಆಗ ಅದು ಗುಜರಿ. ಜಾಗ, ಮನೆ ಪಾಲಾಗುವಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಈಗ ಬೆಲೆ ಬಂದಿದೆ. ಒಬ್ಬ ಮಗ ಹೊರಗೆ ತೆಗೆದು ಬಣ್ಣ ಹೊಡೆಸಿ "ಬಾಪನ ನೆನಪು" ಅಂತ ಓಡಿಸುತ್ತಾನೆ, ಇಲ್ಲವೇ ಮಾರಿ ಹಣ ಜೇಬಿಗೆ ಹಾಕುತ್ತಾನೆ. ಮದುವೆಯಾಗಿ ಹೋದ ತಂಗಿಗೆ ಒಂದು ಮಾತೂ ಇಲ್ಲ. ನೆನಪು ಅವಳಿಗೂ ಇಲ್ಲವೇ? ಶಾಲೆಗೆ ಹೋಗುವಾಗ ಅದೇ ಬೈಕಿನ ಟ್ಯಾಂಕಿನ ಮೇಲೆ ಅವಳೂ ಕೂತವಳಲ್ಲವೇ?

ಬಿಟ್ಟು ಹೋದದ್ದು ಸ್ವಲ್ಪವಿರಲಿ, ಹೆಚ್ಚಿರಲಿ, ಅದರಲ್ಲಿ ಹೆಣ್ಣಿಗೂ ಪಾಲಿದೆ ಎಂದು ಸೂರಃ ಅನ್ನಿಸಾ ಸ್ಪಷ್ಟವಾಗಿ ಹೇಳಿದೆ. ಲೆಕ್ಕ ಕಷ್ಟದ್ದಲ್ಲ. ಬೈಕಿನ ಬೆಲೆ 80,000 ರೂಪಾಯಿ, ವಾರಸುದಾರರು ಉಮ್ಮ, ಇಬ್ಬರು ಗಂಡು, ಮೂವರು ಹೆಣ್ಣು ಮಕ್ಕಳು ಎಂದಿಟ್ಟುಕೊಳ್ಳಿ. ಸಾಲ, ವಸಿಯ್ಯತ್ ಬಾಕಿ ಇಲ್ಲದಿದ್ದರೆ ಉಮ್ಮನಿಗೆ ಎಂಟರಲ್ಲೊಂದು, ಅಂದರೆ 10,000. ಉಳಿದದ್ದರಲ್ಲಿ ಗಂಡಿಗೆ 20,000ದಂತೆ, ಹೆಣ್ಣಿಗೆ 10,000ದಂತೆ. ರಿಪೇರಿಗೆ ಒಬ್ಬನೇ ಖರ್ಚು ಮಾಡಿದ್ದರೆ ಆ ಲೆಕ್ಕವನ್ನೂ ಎಲ್ಲರ ಮುಂದೆ ಇಡಲಿ. ತಂಗಿ ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಆದರೆ ಬೆಲೆ ಗೊತ್ತಾದ ಮೇಲೆ ಬಿಡಬೇಕು, ಗೊತ್ತಿಲ್ಲದೆ ಕಳಕೊಳ್ಳಬಾರದು. ಮಾಲೀಕ ತೀರಿದ ಮೇಲೆ ಆರ್‌ಟಿಒಗೆ ತಿಳಿಸಿ ವಾರಸುದಾರರ ಹೆಸರಿಗೆ ಬದಲಾಯಿಸುವುದು ಸರಕಾರದ ನಿಯಮವೂ ಹೌದು.

ಕೊನೆಗೆ ಕೊಳ್ಳುವವನ ಹಕ್ಕು. ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಪ್ರವಾದಿಯವರ ﷺ ಬೆರಳಿಗೆ ತೇವ ತಾಗಿದ ಹದೀಸ್ ಮದ್ರಸದ ಮಕ್ಕಳಿಗೂ ಗೊತ್ತು. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ವ್ಯಾಪಾರಿಯನ್ನು ಕೇಳಿದರು. ತುಕ್ಕಿನ ಮೇಲೆ ಬಣ್ಣ ಬಳಿದು, ಬೇರೆ ಇಂಜಿನ್ ಕೂರಿಸಿ "ಎಲ್ಲಾ ಒರಿಜಿನಲ್" ಎಂದು ಮಾರುವವನಿಗೂ ಇದೇ ಪ್ರಶ್ನೆ. ಚಾಸಿಸ್ ನಂಬರ್, ಇಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತದೆಯೇ ಎಂದು ನೋಡದೆ ಕೊಳ್ಳುವುದೂ ಬುದ್ಧಿವಂತಿಕೆಯಲ್ಲ.

ಕೊಟ್ಟಿಗೆಯಲ್ಲಿ ಬಾಪನ ಬೈಕು ಇರುವ ಮನೆಯವರಿಗೆ ನಮ್ಮದು ಇಷ್ಟೇ ವಿನಂತಿ: ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಉಮ್ಮನ ಹತ್ತಿರ ಕೂತುಕೊಳ್ಳಿ, ತಂಗಿಗೆ ಫೋನ್ ಮಾಡಿ. ಆಮೇಲೆ ಓಡಿಸಿ. ಅಲ್ಲಾಹನು ಅದರಲ್ಲಿ ಬರ್ಕತ್ ಕೊಡಲಿ, ಆಮೀನ್.