ಕಂಟೇನರ್ ಸಮೂಹದ ಭದ್ರತೆ: ಬೀಗವಿದ್ದರೆ ಸಾಲದು, ಹಾಕಿರಬೇಕು

ಬಿಲ್ಲಿಂಗ್, ದಾಸ್ತಾನು, ವೇತನಪಟ್ಟಿ, ಗ್ರಾಹಕರ ಬೇಡಿಕೆ ಮುಂತಾದ ವ್ಯವಹಾರಗಳು ಇಂದು ಅನೇಕ ಸಂಸ್ಥೆಗಳಲ್ಲಿ ಕಚೇರಿಯ ಕಂಪ್ಯೂಟರನ್ನು ಬಿಟ್ಟು ಸಾಫ್ಟ್‌ವೇರ್ ಪೂರೈಕೆದಾರರ ಕ್ಲೌಡ್ ಸರ್ವರ್‌ಗಳನ್ನು ಸೇರಿವೆ. ಅಲ್ಲಿ ತಂತ್ರಾಂಶಗಳನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಘಟಕಗಳಲ್ಲಿಟ್ಟು ನಡೆಸುವುದು ಈಗ ರೂಢಿ. ಇಂತಹ ಘಟಕಗಳ ಸಮೂಹವನ್ನು ನಿರ್ವಹಿಸುವ ವ್ಯವಸ್ಥೆಗಳಲ್ಲಿ, ಗೂಗಲ್ ಸಂಸ್ಥೆಯು 2014ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಕುಬರ್ನೆಟೀಸ್ ಪ್ರಮುಖವಾದುದು.

ಈ ಸಮೂಹವನ್ನು ಕೈಗಾರಿಕಾ ವಸಾಹತಿಗೆ ಹೋಲಿಸಬಹುದು. ಆವರಣದ ಗೋಡೆ ಒಂದೇ, ಒಳಗಿನ ಷೆಡ್‌ಗಳು ಹಲವು. ಪ್ರತಿ ಪ್ರಾಜೆಕ್ಟ್‌ಗೂ ‘ನೇಮ್‌ಸ್ಪೇಸ್’ ಎಂಬ ಷೆಡ್ ದೊರೆಯುತ್ತದೆ. ಆದರೆ ಒಂದು ಷೆಡ್ಡಿನ ಕಂಟೇನರ್‌ಗೆ ಇಡೀ ಯಂತ್ರದ ಅಧಿಕಾರ ನೀಡಿದ್ದರೆ, ಅದನ್ನು ಭೇದಿಸಿದವನು ಅದೇ ಯಂತ್ರದಲ್ಲಿರುವ ನೆರೆಯವರ ಲೆಕ್ಕಪತ್ರಗಳಿಗೂ ಕೈಹಾಕಬಲ್ಲನು.

ಇದನ್ನು ತಡೆಯಲು ಮೂರು ಹಂತದ ಮಾನದಂಡಗಳಿವೆ. ‘ಪ್ರಿವಿಲೆಜ್ಡ್’ ಹಂತದಲ್ಲಿ ಯಾವ ನಿರ್ಬಂಧವೂ ಇಲ್ಲ. ‘ಬೇಸ್‌ಲೈನ್’ ಹಂತವು ಪರಿಚಿತ ಅಪಾಯಗಳನ್ನು ತಡೆಯುತ್ತದೆ. ‘ರಿಸ್ಟ್ರಿಕ್ಟೆಡ್’ ಅತ್ಯಂತ ಬಿಗಿಯಾದುದು. 2022ರ ಆಗಸ್ಟ್‌ನಲ್ಲಿ ಹೊರಬಂದ 1.25ನೇ ಆವೃತ್ತಿಯು ಹಳೆಯ ನೀತಿ ವ್ಯವಸ್ಥೆಯನ್ನು ಕೈಬಿಟ್ಟು, ಈ ಮಾನದಂಡಗಳ ಜಾರಿಯನ್ನು ಖಾಯಂಗೊಳಿಸಿತು. ಆದರೆ ನೇಮ್‌ಸ್ಪೇಸ್‌ಗೆ ಇಂತಹ ಹಂತವೆಂದು ಗುರುತುಚೀಟಿ ಅಂಟಿಸದಿದ್ದರೆ, ನಿರ್ವಾಹಕರು ಬೇರೆ ಏರ್ಪಾಡು ಮಾಡದ ಹೊರತು, ಯಾವ ತಡೆಯೂ ಇರದು. ಬೀಗವನ್ನು ಒದಗಿಸಲಾಗಿದೆ, ಹಾಕುವ ಹೊಣೆ ಬಳಸುವವರದು.

ಬಿಗಿ ನೀತಿಯಿಂದ ತಂತ್ರಾಂಶವೇ ನಿಂತು ವ್ಯಾಪಾರ ಕೆಡುತ್ತದೆ ಎಂಬ ಆಕ್ಷೇಪವುಂಟು. ಅದು ನಿರಾಧಾರವಲ್ಲ. ಸರ್ವಾಧಿಕಾರವುಳ್ಳ ‘ರೂಟ್’ ಬಳಕೆದಾರನ ಹೆಸರಿನಲ್ಲಿಯೇ ನಡೆಯುವಂತೆ ರಚಿಸಿದ ತಂತ್ರಾಂಶವು ಅತ್ಯಂತ ಬಿಗಿ ಹಂತದಲ್ಲಿ ಆರಂಭವಾಗದು. ಇದಕ್ಕೂ ದಾರಿಯಿದೆ. ಮೊದಲು ಎಚ್ಚರಿಕೆ ನೀಡುವ ಹಾಗೂ ಲೋಪಗಳನ್ನು ದಾಖಲಿಸುವ ವಿಧಾನಗಳಲ್ಲಿ ನೀತಿಯನ್ನು ಅನ್ವಯಿಸಿ, ಲೋಪಗಳನ್ನು ತಿದ್ದಿದ ಬಳಿಕ ಕಡ್ಡಾಯಗೊಳಿಸಬಹುದು. ಒಂದು ತಂತ್ರಾಂಶದ ತೊಡಕಿಗಾಗಿ ಇಡೀ ಸಮೂಹವನ್ನು ಸಡಿಲ ಬಿಡುವುದು ಸರಿಯಲ್ಲ.

ಅಲಕ್ಷ್ಯದ ಪರಿಣಾಮಕ್ಕೆ ನಿದರ್ಶನವಿದೆ. ಟೆಸ್ಲಾ ಕಂಪನಿಯ ಕುಬರ್ನೆಟೀಸ್ ನಿಯಂತ್ರಣ ಫಲಕಕ್ಕೆ ಪಾಸ್‌ವರ್ಡ್ ಇರಲಿಲ್ಲವೆಂಬುದು 2018ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದಿತು. ನುಸುಳುಕೋರರು ಅದರ ಮೂಲಕ ಒಳಹೊಕ್ಕು, ಕಂಪನಿಯ ಸರ್ವರ್‌ಗಳಲ್ಲಿ ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆ ನಡೆಸಿದ್ದರು. ದೊಡ್ಡ ಕಂಪನಿ ಇಂತಹ ಪೆಟ್ಟನ್ನು ತಾಳಿಕೊಂಡೀತು, ಸಣ್ಣ ಉದ್ಯಮಿಗೆ ಅದು ಕಷ್ಟ. ಗ್ರಾಹಕರ ಮಾಹಿತಿಯನ್ನು ಪೂರೈಕೆದಾರರಿಗೆ ಒಪ್ಪಿಸಿದ ಮಾತ್ರಕ್ಕೆ ವರ್ತಕರ ಹೊಣೆಯೂ ಕಳೆಯುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ.

ಆದ್ದರಿಂದ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಸೇವಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಲೇಸು. ತಮ್ಮ ಪ್ರಾಜೆಕ್ಟ್‌ಗೆ ಯಾವ ಹಂತದ ನೀತಿ ಜಾರಿಯಲ್ಲಿದೆ? ವಿನಾಯಿತಿಗಳು ಯಾವುವು, ಎಂದಿನವರೆಗೆ? ಆ ಗುರುತುಚೀಟಿಯನ್ನು ಬದಲಿಸುವ ಅಧಿಕಾರ ಯಾರಿಗಿದೆ? ಇವುಗಳನ್ನು ಕೇಳಲು ತಂತ್ರಜ್ಞಾನದ ಪಾಂಡಿತ್ಯ ಬೇಕಿಲ್ಲ. ಗೋದಾಮಿನ ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸುವ ವ್ಯಾಪಾರಿ ಜಾಣ್ಮೆಯೇ ಸಾಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.