ಮಣ್ಣಿನಂತೆ ಸಾಲಕ್ಕೂ ಬೇಕು ಪರೀಕ್ಷೆ



ಗೊಬ್ಬರ ಹಾಕುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿರಿ ಎಂಬ ಮಾತನ್ನು ನೀವು ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರಿಂದ ಎಷ್ಟೋ ಬಾರಿ ಕೇಳಿರುವಿರಿ. ಹೊಲದ ನಾಲ್ಕಾರು ಕಡೆಯಿಂದ ಮಣ್ಣು ತೆಗೆದು, ಬೆರೆಸಿ, ಚೀಲಕ್ಕೆ ತುಂಬಿ, ಹೆಸರು ಬರೆದು ಕಳಿಸುವುದು ಈಗ ನಮಗೆ ಹೊಸದಲ್ಲ. ಆದರೆ ಅದೇ ರೈತನನ್ನು "ಸ್ವಾಮಿ, ನಿಮ್ಮ ಒಟ್ಟು ಸಾಲ ಎಷ್ಟು?" ಎಂದು ಕೇಳಿ ನೋಡಿ. ಸೊಸೈಟಿಯದು ಇಷ್ಟು ಎನ್ನುತ್ತಾನೆ. ಕೈಸಾಲದ ಮಾತು ಬಂದರೆ ತಲೆ ಕೆರೆಯುತ್ತಾನೆ. ಹೆಂಡತಿಯ ಸಂಘದ ಸಾಲ ಎಷ್ಟೆಂದು ಅವನಿಗೆ ತಿಳಿದಿರುವುದಿಲ್ಲ. ಅವನ ಕೈಸಾಲ ಎಷ್ಟೆಂದು ಅವಳಿಗೆ ತಿಳಿದಿರುವುದಿಲ್ಲ. ಲೆಕ್ಕ ತಿಳಿಯದ ಸಾಲವನ್ನು ತೀರಿಸುವುದು, ರೋಗ ತಿಳಿಯದೆ ಔಷಧಿ ಹೊಡೆದಂತೆ.

ಸಾಲ ಮಾಡಬೇಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಸಾಲವಿಲ್ಲದೆ ಬೇಸಾಯ ನಡೆಯುವುದು ಕಷ್ಟ. ನಾನು ಹೇಳುವುದು ಒಂದೇ ಮಾತು: ಸಾಲವನ್ನು ಬಚ್ಚಿಡಬೇಡಿ. ಹಾಳೆಯ ಮೇಲೆ ಬರೆಯಿರಿ, ತಿಳಿದವರಿಗೆ ತೋರಿಸಿರಿ. ಜಮೀನಿನ ಮೇಲೆ ಕೈ ಹಾಕುವ ಮುನ್ನ ಈ ಕೆಲಸ ಆಗಲಿ.

ನಮ್ಮ ಮನೆಯ ಪಾಠ

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹಾದಿಯ ಬದಿಯ ಊರು ನಮ್ಮದು. ರಾಗಿ, ಹುರುಳಿಯ ಜೊತೆಗೆ ಒಂದು ಎಕರೆ ದ್ರಾಕ್ಷಿ ಚಪ್ಪರವಿತ್ತು. 1980ರ ದಶಕದಲ್ಲಿ ತೆರೆದ ಬಾವಿ ಬತ್ತಿತು. ನಮ್ಮ ತಂದೆ ಬೋರು ಕೊರೆಸಲು ಪರಿಚಯದವರೊಬ್ಬರಿಂದ ಎಂಟು ಸಾವಿರ ರೂಪಾಯಿ ಕೈಸಾಲ ತಂದರು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಬೋರಿನಲ್ಲಿ ನೀರು ಬರಲಿಲ್ಲ. ಬಡ್ಡಿ ಕಟ್ಟಲಾಗದ ಕಾರಣ ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪ್ರೋನೋಟು ಬರೆದುಕೊಟ್ಟರು. ಎಂಟು ಸಾವಿರ ಮೊದಲ ವರ್ಷದ ಕೊನೆಗೆ 10,880 ಆಯಿತು, ಎರಡನೆಯ ವರ್ಷಕ್ಕೆ 14,797 ಆಯಿತು, ಮೂರನೆಯ ವರ್ಷಕ್ಕೆ ಇಪ್ಪತ್ತು ಸಾವಿರ ದಾಟಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಚಪ್ಪರದ ಜಮೀನನ್ನು ಕ್ರಯಕ್ಕೆ ಕೊಟ್ಟು ಬಂದ ದಿನ ಸಂಜೆ ನಮ್ಮ ತಾಯಿ ಹೇಳಿದ್ದು ಒಂದೇ ಮಾತು: "ನಂಗೊಂದು ಮಾತು ಹೇಳಿದ್ರೆ ಈ ಬಳೆ ಇರ್ಲಿಲ್ವಾ?"

ತಂದೆ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸೊಸೈಟಿಯ ಪಾಸ್ ಪುಸ್ತಕ ಸಿಕ್ಕಿತು. ಅಲ್ಲಿ 1,150 ರೂಪಾಯಿ ಸುಸ್ತಿ ಉಳಿದಿತ್ತು. ಆ ಸುಸ್ತಿಯ ನಾಚಿಕೆಗೆ ಅವರು ಸೊಸೈಟಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರು. ಆ ಸಣ್ಣ ಬಾಕಿ ತೀರಿಸಿದ್ದರೆ ಕಡಿಮೆ ಬಡ್ಡಿಯ ಸಾಲ ಕೇಳುವ ದಾರಿಯಾದರೂ ಇರುತ್ತಿತ್ತು. ಇಂದು ಆ ಜಮೀನಿನಲ್ಲಿ ಮೂರಂತಸ್ತಿನ ಮನೆಗಳಿವೆ. ನಮ್ಮದನ್ನು ಕಳೆದದ್ದು ಬೋರೂ ಅಲ್ಲ, ಬಡ್ಡಿ ಒಂದೇ ಅಲ್ಲ. ಬಾಯಿಬಿಡದೆ ಇದ್ದದ್ದೇ ಹೆಚ್ಚು ಕೆಡಿಸಿತೆಂದು ನನಗೆ ಅನ್ನಿಸುತ್ತದೆ.

ಒಂದು ಹಾಳೆಯ ಲೆಕ್ಕ

ಒಂದು ಹಾಳೆಯ ಮೇಲೆ ಐದು ಸಾಲು ಗೆರೆ ಎಳೆಯಿರಿ. ಯಾರ ಸಾಲ, ಉಳಿದ ಅಸಲು ಎಷ್ಟು, ವರ್ಷದ ಬಡ್ಡಿ ಎಷ್ಟು, ಯಾವಾಗ ಕಟ್ಟಬೇಕು, ಆಧಾರವಾಗಿ ಏನು ಕೊಟ್ಟಿದ್ದೀರಿ, ಇಷ್ಟೇ ಬರೆಯಿರಿ. ಚಿನ್ನದ ಗಿರವಿ, ಎತ್ತಿದ ಚೀಟಿಯ ಉಳಿದ ಕಂತು, ಗೊಬ್ಬರದಂಗಡಿಯ ಬಾಕಿ, ಮೊಬೈಲ್ ಆಪ್‌ನಲ್ಲಿ ಮಗ ತೆಗೆದ ಸಾಲ, ಯಾವುದನ್ನೂ ಬಿಡಬೇಡಿ.

ಉದಾಹರಣೆಗೆ ಒಂದು ಮನೆಯಲ್ಲಿ ನಾಲ್ಕು ಲಕ್ಷ ಸಾಲವಿದೆ ಎನ್ನೋಣ. ಸೊಸೈಟಿಯ ಬೆಳೆ ಸಾಲ ಒಂದೂವರೆ ಲಕ್ಷ, ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಬ್ಯಾಂಕಿನ ಚಿನ್ನದ ಸಾಲ ಒಂದು ಲಕ್ಷ, ನೂರಕ್ಕೆ ಹತ್ತರಂತೆ ವರ್ಷಕ್ಕೆ 10,000 ಬಡ್ಡಿ. ಸಂಘದ ಸಾಲ ಐವತ್ತು ಸಾವಿರ. ಕೈಸಾಲ ಒಂದು ಲಕ್ಷ, ತಿಂಗಳಿಗೆ ನೂರಕ್ಕೆ ಮೂರರಂತೆ ವರ್ಷಕ್ಕೆ 36,000. ಒಟ್ಟು ಸಾಲದಲ್ಲಿ ಕಾಲುಭಾಗವಾದ ಕೈಸಾಲವೇ ಮನೆಯ ಬಡ್ಡಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತಿದೆ. ಹಾಳೆಯ ಮೇಲೆ ಬರೆಯುವವರೆಗೆ ಇದು ಕಣ್ಣಿಗೆ ಕಾಣುವುದಿಲ್ಲ.

ಬಡ್ಡಿಯನ್ನು ಬೇರೆ ಬೇರೆ ವೇಷದಲ್ಲಿ ಹೇಳುವ ಪದ್ಧತಿಯೂ ಇದೆ. "ವರ್ಷಕ್ಕೆ ನೂರಕ್ಕೆ ಹನ್ನೆರಡೇ" ಎಂದು ಐವತ್ತು ಸಾವಿರ ಕೊಟ್ಟು, ಎರಡು ವರ್ಷದ ಬಡ್ಡಿ 12,000 ಸೇರಿಸಿ, 62,000ವನ್ನು 24 ಕಂತಾಗಿ ಕೇಳಿದರೆ ಅದು ಹನ್ನೆರಡಲ್ಲ. ಪ್ರತಿ ತಿಂಗಳೂ ಅಸಲು ಇಳಿಯುತ್ತ ಹೋಗುತ್ತದೆ, ಬಡ್ಡಿ ಮಾತ್ರ ಪೂರ್ತಿ ಐವತ್ತು ಸಾವಿರದ ಮೇಲೆ ಬೀಳುತ್ತದೆ. ನಿಜವಾದ ಬಡ್ಡಿ ಸುಮಾರು ಇಪ್ಪತ್ತೊಂದೂವರೆ.

ಯಶವಂತಪುರದಂಥ ದೊಡ್ಡ ಮಾರುಕಟ್ಟೆಗೆ ಈರುಳ್ಳಿ, ಆಲೂಗಡ್ಡೆ ತರುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಮಂಡಿಯಿಂದ ಬಡ್ಡಿಯಿಲ್ಲದ ಮುಂಗಡವೆಂದು ನಾಲ್ಕು ತಿಂಗಳಿಗೆ ಐವತ್ತು ಸಾವಿರ ತಂದಿರಿ, ಮಾಲನ್ನು ಅಲ್ಲಿಗೇ ಹಾಕಬೇಕಾಯಿತು, ಕಿಲೋಗೆ ಒಂದು ರೂಪಾಯಿ ಕಡಿಮೆ ಸಿಕ್ಕಿತು ಎನ್ನಿ. ನೂರು ಕ್ವಿಂಟಲ್ ಮಾಲಿಗೆ ಹತ್ತು ಸಾವಿರ ಹೋಯಿತು. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ನೂರಕ್ಕೆ ಅರವತ್ತು. ಇದರ ಮೇಲೆ ಬಿಳಿ ಚೀಟಿಯಲ್ಲಿ ಕಮಿಷನ್ ಹಿಡಿದರೆ ಕೇಳಿರಿ. ನಮ್ಮ ರಾಜ್ಯದ ಕಾನೂನಿನಂತೆ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ.

ಯಾವುದು ಮೊದಲು?

ಬಾಗಿಲಿಗೆ ಬಂದು ಜೋರು ಮಾಡಿದವರಿಗೆ ಮೊದಲು ಕೊಡುವುದು ನಮ್ಮ ರೂಢಿ. ಇದು ತಪ್ಪು. ಎಲ್ಲ ಸಾಲದ ಕನಿಷ್ಠ ಕಂತನ್ನು ತಪ್ಪದೆ ಕಟ್ಟಿ, ಮಿಕ್ಕ ಪ್ರತಿ ರೂಪಾಯಿಯನ್ನೂ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಿರಿ. ಅದು ತೀರಿದ ಮೇಲೆ ಅದರ ಕಂತನ್ನು ಮುಂದಿನ ಸಾಲಕ್ಕೆ ತಿರುಗಿಸಿರಿ. ಹಾಲಿನ ಡೇರಿಯ ಬಟವಾಡೆ ಬರುವ ಮನೆಗಳಿಗೆ ಇದು ಸುಲಭ. ಒಂದು ಹಸುವಿನ ಹಾಲಿನ ಹಣವನ್ನು ಇದಕ್ಕೆಂದೇ ಮೀಸಲಿಡಬಹುದು. ಮನೆಯಲ್ಲಿ ಸುಮ್ಮನಿರುವ ಒಡವೆಯನ್ನು ಬ್ಯಾಂಕಿನಲ್ಲಿಟ್ಟು ನೂರಕ್ಕೆ ಹತ್ತರ ಸಾಲ ತಂದು ನೂರಕ್ಕೆ ಮೂವತ್ತಾರರ ಸಾಲ ತೀರಿಸುವುದು ಲಾಭವೇ. ಆದರೆ ತೀರಿದ ಮೇಲೆ ಮತ್ತೆ ಕೈಸಾಲಕ್ಕೆ ಹೋದರೆ ಒಡವೆಯೂ ಹೋಗುತ್ತದೆ.

ಸೊಸೈಟಿಯ ವಾಯಿದೆಯನ್ನು ಮಾತ್ರ ಮೀರಬೇಡಿ. ಬಡ್ಡಿಯಿಲ್ಲದ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಅದು ವೇಳೆಗೆ ಕಟ್ಟಿದವರಿಗೆ ಮಾತ್ರ. ಸಾಲ ತಿರುವಿ ಹಾಕಲು ಎಂಟು ದಿನಕ್ಕೆಂದು ಕೈಸಾಲ ತಂದು ಸೊಸೈಟಿಗೆ ಕಟ್ಟುವವರಿದ್ದಾರೆ. ಹೊಸ ಸಾಲ ಮಂಜೂರಾಗಲು ತಡವಾದರೆ ಎಂಟು ದಿನ ಎರಡು ತಿಂಗಳಾಗುತ್ತದೆ. ಹೊಸ ಸಾಲ ಯಾವ ದಿನ ಕೈಗೆ ಬರುತ್ತದೆಂದು ಕಾರ್ಯದರ್ಶಿಯನ್ನು ಕೇಳಿಕೊಂಡೇ ಹಣ ತನ್ನಿರಿ.

ಹಾಳೆ ಹಿಡಿದು ಎಲ್ಲಿಗೆ ಹೋಗಬೇಕು?

ಸಾಲ ಕೊಟ್ಟ ಬ್ಯಾಂಕಿಗೇ ಮೊದಲು ಹೋಗಿರಿ. ಕಂತು ತಪ್ಪಿದ ಮೇಲೆ ಅಲ್ಲ, ತಪ್ಪುವ ಮೊದಲು. ಬರ, ನೆರೆ ಘೋಷಣೆಯಾದಾಗ ಬೆಳೆ ಸಾಲವನ್ನು ಹೆಚ್ಚು ಅವಧಿಯ ಸಾಲವಾಗಿ ಮಾರ್ಪಡಿಸಲು ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯಲ್ಲಿ ಅವಕಾಶವಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ವರ್ಷದಲ್ಲಿ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆದವನಿಗೂ ಸುಮ್ಮನೆ ಮನೆಯಲ್ಲಿ ಕುಳಿತವನಿಗೂ ವ್ಯತ್ಯಾಸವಿದೆ. ವ್ಯವಸ್ಥಾಪಕರು ಕೇಳದಿದ್ದರೆ ಲಿಖಿತ ದೂರು ಕೊಡಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು, ಇದಕ್ಕೆ ಶುಲ್ಕವಿಲ್ಲ.

ಲೆಕ್ಕ ಅರ್ಥವಾಗದಿದ್ದರೆ ಬ್ಯಾಂಕುಗಳು ನಡೆಸುವ ಹಣಕಾಸು ಸಾಕ್ಷರತಾ ಕೇಂದ್ರಗಳಲ್ಲಿ ಸಲಹೆ ಪಡೆಯಬಹುದು. ಬೆಂಗಳೂರು ನಗರ ಜಿಲ್ಲೆಯ ಮಾರ್ಗದರ್ಶಿ ಬ್ಯಾಂಕು ಕೆನರಾ ಬ್ಯಾಂಕು. ಕೇಂದ್ರ ಎಲ್ಲಿದೆಯೆಂದು ಅದರ ಜಿಲ್ಲಾ ವ್ಯವಸ್ಥಾಪಕರ ಕಚೇರಿಯಲ್ಲಿ ವಿಚಾರಿಸಿರಿ. ವ್ಯಾಜ್ಯದ ಮಟ್ಟಕ್ಕೆ ಹೋದ ಸಾಲಕ್ಕೆ ಲೋಕ ಅದಾಲತ್ ಇದೆ. ಮೊಕದ್ದಮೆ ಹೂಡುವ ಮೊದಲೂ ಅಲ್ಲಿ ರಾಜಿಯಾಗಬಹುದು, ನ್ಯಾಯಾಲಯ ಶುಲ್ಕವಿಲ್ಲ. ಆದರೆ ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಕಟ್ಟಲಾಗದ ಕಂತಿಗೆ ಒಪ್ಪಿ ಸಹಿ ಮಾಡಬೇಡಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿರಿ.

ಕೈಸಾಲಕ್ಕೂ ಕಾನೂನಿದೆ. 1961ರ ಕಾಯ್ದೆಯಂತೆ ಲೇವಾದೇವಿ ಮಾಡುವವರಿಗೆ ಪರವಾನಗಿ ಬೇಕು. ವಿಪರೀತ ಬಡ್ಡಿ ನಿಷೇಧಕ್ಕೆ 2004ರ ಕಾಯ್ದೆಯಿದೆ. 2025ರಲ್ಲಿ ಕಿರು ಸಾಲದ ಬಲವಂತದ ವಸೂಲಿ ತಡೆಯುವ ಕಾಯ್ದೆ ಬಂದು, ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಾಗಿದೆ. ಖಾಲಿ ಚೆಕ್ಕು, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಬೇಡಿ. ಕೊಟ್ಟ ಪ್ರತಿ ಕಂತಿಗೂ ರಸೀದಿ ಕೇಳಿರಿ.

ಜಮೀನು ಕಡೆಯ ಮಾತಾಗಲಿ

ಯಲಹಂಕ, ಹೆಸರಘಟ್ಟ, ರಾಜಾನುಕುಂಟೆಯ ಸುತ್ತಿನ ರೈತನಿಗೆ ಬೇರೆ ಕಡೆ ಇಲ್ಲದ ಒಂದು ಅಪಾಯವಿದೆ. ಅವನ ಸಾಲ ಲಕ್ಷಗಳಲ್ಲಿದ್ದರೆ ಜಮೀನಿನ ಬೆಲೆ ಕೋಟಿಗಳಲ್ಲಿದೆ. ಆದ್ದರಿಂದ ಅವನ ಸಾಲದ ಸುದ್ದಿ ಮನೆಯವರಿಗಿಂತ ಮೊದಲು ದಲ್ಲಾಳಿಗೆ ತಲುಪುತ್ತದೆ. ಸ್ವಲ್ಪ ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುತ್ತಾರೆ, ಅಥವಾ ಸಾಲದ ಆಧಾರವೆಂದು ಕ್ರಯಪತ್ರವನ್ನೇ ನೋಂದಾಯಿಸಿಕೊಳ್ಳುತ್ತಾರೆ. ಬಡಾವಣೆಯ ಅಧಿಸೂಚನೆಗೆ ಸಿಕ್ಕಿದ ಜಮೀನಿನವರ ಪಾಡು ಇನ್ನೂ ಕಷ್ಟ. ಶಿವರಾಮ ಕಾರಂತ ಬಡಾವಣೆಗೆ ಪ್ರಾಥಮಿಕ ಅಧಿಸೂಚನೆ ಬಂದದ್ದು 2008ರಲ್ಲಿ, ಅಂತಿಮ ಅಧಿಸೂಚನೆ 2018ರಲ್ಲಿ. ಹೀಗೆ ವರ್ಷಗಟ್ಟಲೆ ತೂಗಾಡುವ ಜಮೀನಿನ ಮೇಲೆ ಸಾಲ ಕೊಡಲು ಬ್ಯಾಂಕು ಹಿಂಜರಿದಾಗ, ರೈತ ಕೈಸಾಲದ ಬಾಗಿಲಿಗೆ ಹೋಗುತ್ತಾನೆ.

ಹೆದರಿಕೆಗೆ ಜಮೀನು ಕೊಡಬೇಡಿ. ಬ್ಯಾಂಕುಗಳು ನ್ಯಾಯಾಲಯಕ್ಕೆ ಹೋಗದೆ ಆಸ್ತಿ ಹಿಡಿಯಲು ಬಳಸುವ 2002ರ ಕಾಯ್ದೆ ವ್ಯವಸಾಯದ ಜಮೀನಿಗೆ ಅನ್ವಯಿಸುವುದಿಲ್ಲ. ರೈತ ಅಡವಿಡದಿದ್ದರೆ, ಅವನು ವಾಸವಿರುವ ಮನೆ, ನೇಗಿಲು ನೊಗ, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜವನ್ನು ಡಿಕ್ರಿಯಲ್ಲಿ ಜಪ್ತಿ ಮಾಡುವಂತಿಲ್ಲವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೇಳುತ್ತದೆ. ಮಾರಲೇಬೇಕಾದರೆ ಮನೆಯವರೆಲ್ಲ ಕೂತು, ವಕೀಲರಿಗೆ ಕಾಗದ ತೋರಿಸಿ, ಸಾಲಕ್ಕೆ ಬೇಕಾದಷ್ಟನ್ನೇ ಮಾರಿರಿ. ಬ್ಯಾಂಕಿನ ಸಾಲ ತೀರಿದ ಮೇಲೆ ತೀರುವಳಿ ಪತ್ರ ಪಡೆದು, ಪಹಣಿಯ 11ನೇ ಕಾಲಮಿನ ಋಣದ ನಮೂದು ತೆಗೆಸುವುದನ್ನು ಮರೆಯಬೇಡಿ.

ಮನ್ನಾ ಬರುತ್ತದೆಂದು ಕಾಯಬೇಡಿ

1990ರಲ್ಲಿ, 2008ರಲ್ಲಿ, 2017 ಮತ್ತು 2018ರಲ್ಲಿ ಸಾಲ ಮನ್ನಾ ಆಯಿತು. ಕಷ್ಟದಲ್ಲಿದ್ದವರಿಗೆ ಅದು ಆಸರೆಯಾದದ್ದು ನಿಜ. ಆದರೆ ಅದೆಲ್ಲ ಬ್ಯಾಂಕು, ಸೊಸೈಟಿಗಳ ಸಾಲಕ್ಕೆ. ಹೆಚ್ಚು ಬಡ್ಡಿಯ ಕೈಸಾಲ ಅದರಲ್ಲಿ ಬರಲಿಲ್ಲ. ಕೈಸಾಲಕ್ಕೆ ಪರಿಹಾರ ಕೊಟ್ಟದ್ದು ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ. ಮತ್ತೆ 2019ರ ಜುಲೈಯಲ್ಲಿ ಜಾರಿಗೆ ಬಂದ ಕಾಯ್ದೆ. ಎರಡನೆಯದರಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಲು 90 ದಿನಗಳಷ್ಟೇ ಇದ್ದವು. ಸಾಲದ ಕಾಗದ ಸಿದ್ಧವಾಗಿಟ್ಟುಕೊಂಡವನಿಗೆ ಮಾತ್ರ ಇಂಥ ಅವಕಾಶ ದಕ್ಕುತ್ತದೆ.

ನನ್ನ ಸಲಹೆ

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಊರಿನವರು ಒಬ್ಬರ ಸಾಲವನ್ನು ಹತ್ತು ಜನರ ಮಾತಾಗಿ ಮಾಡಿಕೊಂಡರು. ನೆರೆಯ ಕೇರಳದಲ್ಲಿ, ನಮ್ಮ ಕಾಸರಗೋಡಿನ ಕನ್ನಡ ರೈತರಿಗೂ ಅನ್ವಯಿಸುವಂತೆ, ರೈತರ ಅರ್ಜಿ ಕೇಳುವ ಋಣ ಪರಿಹಾರ ಆಯೋಗವೇ ಇದೆ. ನಮ್ಮಲ್ಲಿ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಬೀಜ, ಔಷಧಿಗೆ ಅಲ್ಲಿಗೆ ಹೋಗುತ್ತೇವೆ. ವಾರಕ್ಕೊಂದು ದಿನ ಸಾಲದ ಲೆಕ್ಕ ಬಲ್ಲವರೊಬ್ಬರು ಅಲ್ಲಿ ಕುಳಿತು, ರೈತನ ಹಾಳೆ ನೋಡಿ, ಬ್ಯಾಂಕಿಗೆ ಬರೆಯುವ ಅರ್ಜಿಗೆ ನೆರವಾಗಲಿ. ಜಿ.ಕೆ.ವಿ.ಕೆ.ಯ ಕೃಷಿ ಮೇಳದಲ್ಲಿ ಮಣ್ಣು ಪರೀಕ್ಷೆಯ ಮಳಿಗೆಯ ಪಕ್ಕದಲ್ಲಿ ಸಾಲ ಪರೀಕ್ಷೆಯ ಮಳಿಗೆಯೂ ಒಂದಿರಲಿ, ಮರೆಯಲ್ಲಿ ಮಾತನಾಡಲು ಒಂದು ಪರದೆಯೂ ಇರಲಿ.

ಅದು ಆಗುವವರೆಗೆ ನಾವು ಕಾಯಬೇಕಾಗಿಲ್ಲ. ಸಾಲದ ಚಿಂತೆಯಿಂದ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ, ಹಗಲಾಗಲಿ ರಾತ್ರಿಯಾಗಲಿ 14416ಕ್ಕೆ ಫೋನ್ ಮಾಡಿರಿ, ಕನ್ನಡದಲ್ಲೇ ಮಾತನಾಡುತ್ತಾರೆ. ನೆರೆಯವರು ಮಾತು ಬಿಟ್ಟು ಕುಳಿತಿದ್ದರೆ ನೀವೇ ಹೋಗಿ ಮಾತನಾಡಿಸಿರಿ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಮನೆಯಾಕೆಯನ್ನೂ ದುಡಿಯುವ ಮಕ್ಕಳನ್ನೂ ಕೂರಿಸಿಕೊಂಡು ಹಾಳೆಯ ಮೇಲೆ ಗೆರೆ ಎಳೆಯಿರಿ. ಮೊದಲ ಸಾಲಿನಲ್ಲಿ, ಇದುವರೆಗೆ ಯಾರಿಗೂ ಹೇಳದ ಸಾಲವನ್ನೇ ಬರೆಯಿರಿ.