ಕಪಾಟಿನ ಬೀಗ ತೆಗೆಯೋಣ, ಮೊದಲ ಕೆಲಸ ಕೊಡೋಣ

ನಮ್ಮ ಮದ್ರಸದಲ್ಲಿ ಕಲಿತ ಹುಡುಗಿಯೊಬ್ಬಳು ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್ ಮುಗಿಸಿ ವರ್ಷವಾಯಿತು. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: ‘ಅನುಭವ ಉಂಟಾ?’ ಮೊದಲ ಕೆಲಸವನ್ನೇ ಯಾರೂ ಕೊಡದಿದ್ದರೆ ಅನುಭವ ಎಲ್ಲಿಂದ ತರುವುದು? ಮನೆಯಲ್ಲಿ ಬೇರೆಯೇ ಮಾತು: ‘ಪುಸ್ತಕದ ಧೂಳು ಹೊಡೆಯಲಿಕ್ಕೆ ಇಷ್ಟು ಓದಬೇಕಿತ್ತಾ?’

ಅದು ಧೂಳು ಹೊಡೆಯುವ ಕೆಲಸ ಅಲ್ಲ. ಯಾವುದೇ ಪದವಿ ಮುಗಿಸಿದವರು ಈ ವಿದ್ಯೆ ಕಲಿಯಬಹುದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಇದರದ್ದೇ ವಿಭಾಗ ಇದೆ. ಮನೆಯಲ್ಲಿದ್ದು ಓದುವವರಿಗೆ ಇಗ್ನೋ ಇದೆ. ಪದವಿ ಕಾಲೇಜಿನ ಖಾಯಂ ಹುದ್ದೆಗೆ ಸಾಮಾನ್ಯವಾಗಿ ನೆಟ್ ಅಥವಾ ಕೆ-ಸೆಟ್ ಪಾಸಾಗಿರಬೇಕು. ಅದಕ್ಕೆ ಓದುತ್ತಿರುವಾಗಲೇ ಒಂದು ಶಾಲೆಯ ಗ್ರಂಥಾಲಯ ಸಿಕ್ಕಿದರೂ ಸಾಕು, ದಾರಿ ತೆರೆಯುತ್ತದೆ.

ಡ್ಯೂಯಿ ವರ್ಗೀಕರಣದಲ್ಲಿ ಇಸ್ಲಾಮಿಗೆ ಕೊಟ್ಟ ಸಂಖ್ಯೆ 297. ಅದರೊಳಗೆ ತಫ್ಸೀರ್ ಯಾವುದು, ಹದೀಸ್ ಯಾವುದು, ಫಿಖ್‌ಹ್ ಯಾವುದು ಎಂದು ಬಿಡಿಸಿ ಇಡಲು ಅರಬಿ ಓದಬಲ್ಲ ಕಣ್ಣು ಬೇಕು. ಅರಬಿ, ಅರಬಿ-ಮಲಯಾಳ, ಕನ್ನಡ ಮೂರೂ ಲಿಪಿ ಬಲ್ಲ ನಮ್ಮ ಮಕ್ಕಳಿಗೆ ಇದು ದೊಡ್ಡ ಬಲ. ಹತ್ತನೇ ಶತಮಾನದ ಬಗ್ದಾದಿನಲ್ಲಿ ಇಬ್ನ್ ಅನ್ನದೀಮ್ ಎಂಬ ವಿದ್ವಾಂಸರು ತನ್ನ ಕಾಲದ ಅರಬಿ ಗ್ರಂಥಗಳ ಪಟ್ಟಿಯನ್ನೇ ‘ಅಲ್-ಫಿಹ್ರಿಸ್ತ್’ ಎಂಬ ಕಿತಾಬಾಗಿ ಬರೆದರು. ಈ ವೃತ್ತಿ ನಮಗೆ ಹೊರಗಿನದಲ್ಲ.

ತಪ್ಪು ನಮ್ಮಲ್ಲೂ ಇದೆ. ನಮ್ಮ ಮದ್ರಸದಲ್ಲಿ ಎರಡು ಕಪಾಟು ಕಿತಾಬುಗಳಿವೆ. ಬಾಗಿಲ ಮೇಲೆ ದಾನಿಗಳ ಹೆಸರಿದೆ. ಒಳಗೆ ಏನೇನಿದೆ ಎಂಬ ಪಟ್ಟಿ ಇಲ್ಲ. ಕಲಿಸುವ ನಮಗೇ ಪೂರ್ತಿ ಗೊತ್ತಿಲ್ಲ. ಎಷ್ಟೋ ಊರಿನ ಕಥೆ ಇದೇ ಇರಬಹುದು.

ಆದ್ದರಿಂದ ಜಮಾಅತ್ ಕಮಿಟಿಗಳಲ್ಲಿ, ನಮ್ಮ ಶಾಲೆ ನಡೆಸುವವರಲ್ಲಿ ಒಂದು ವಿನಂತಿ. ಈ ವಿದ್ಯೆ ಕಲಿತ ಊರಿನ ಮಕ್ಕಳನ್ನು ಆರು ತಿಂಗಳಿಗಾದರೂ ಕರೆಯಿರಿ. ಪುಸ್ತಕಗಳನ್ನು ವಿಂಗಡಿಸಿ ಕಂಪ್ಯೂಟರಿಗೆ ಏರಿಸಲಿ, ಮಕ್ಕಳ ಕೈಗೆ ಕೊಡಲಿ. ಕೊನೆಗೆ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಕೊಡಿ. ‘ದೀನೀ ಸೇವೆ’ ಅಂತ ಹೇಳಿ ಸಂಬಳ ತಪ್ಪಿಸಬೇಡಿ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೇ?

ಕೆಲಸ ಹುಡುಕುವ ಮಕ್ಕಳಿಗೂ ಒಂದು ಮಾತು. ಸಣ್ಣ ಶಾಲೆ ಎಂದು ಬಿಡಬೇಡಿ. ನೀವು ಸರಿಮಾಡಿದ ಒಂದು ಗ್ರಂಥಾಲಯ ಮುಂದಿನ ಸಂದರ್ಶನದಲ್ಲಿ ನಿಮ್ಮ ಪರವಾಗಿ ಮಾತಾಡುತ್ತದೆ.

ಮುಂದಿನ ಕಮಿಟಿ ಸಭೆಯಲ್ಲಿ ನಮ್ಮ ಎರಡು ಕಪಾಟುಗಳ ವಿಷಯ ಎತ್ತುತ್ತೇವೆ, ಇನ್‌ಶಾ ಅಲ್ಲಾಹ್. ನಿಮ್ಮ ಊರಿನ ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ, ನೀವೂ ಒಮ್ಮೆ ಕೇಳಿ.